ಆಮವಾತ, ಗಿಡಮೂಲಿಕೆ ಮತ್ತು ಇಲಿಯ ಪಾದ



ಕಾರ್ಕಳದ ಘಟ್ಟದ ಬುಡದಿಂದ ಕಾಪುವಿನ ಕಡಲ ದಂಡೆಯವರೆಗೆ ಗಂಟುನೋವಿಗೆ ನೆಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ ಪರಿಚಿತವೇ. ಆದರೆ ಎಲ್ಲ ಗಂಟುನೋವೂ ಒಂದೇ ಅಲ್ಲ. ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿ, ಬೆಳಿಗ್ಗೆ ಗಂಟೆಗೂ ಮಿಕ್ಕಿ ಬಿಗಿದುಕೊಂಡಿದ್ದರೆ ಅದು ಮುಪ್ಪಿನ ಸವೆತವಲ್ಲದೆ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದ ರುಮಟಾಯ್ಡ್ ಸಂಧಿವಾತ ಇರಬಹುದು. ಮಾಧವನಿದಾನ ವಿವರಿಸುವ ಆಮವಾತಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ. ಎರಡೂ ಒಂದೇ ಎಂದುಬಿಡುವುದು ಮಾತ್ರ ಅವಸರ.

ಮಣಿಪಾಲದಲ್ಲಿ 1963ರಿಂದ ಔಷಧವಿಜ್ಞಾನ ಕಾಲೇಜಿದೆ. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿದೆ. ಸಸ್ಯಸಾರದ ಪರೀಕ್ಷೆ ಎಲ್ಲಿಯೇ ಆಗಲಿ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಎಲೆಯನ್ನೋ ಬೇರನ್ನೋ ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿ ಸಾರ ತೆಗೆಯುತ್ತಾರೆ. ಸತ್ತ ಕ್ಷಯಾಣುಗಳನ್ನು ಎಣ್ಣೆಯಲ್ಲಿ ಬೆರೆಸಿ ಇಲಿಯ ಹಿಂಗಾಲಿಗೆ ಚುಚ್ಚಿದರೆ ಪಾದ ಊದುತ್ತದೆ. ಪಾದವನ್ನು ದ್ರವದಲ್ಲಿ ಅದ್ದಿದಾಗ ದ್ರವ ಏರುವ ಮಟ್ಟವೇ ಬಾವಿನ ಅಳತೆ. ಮೂರು ನಾಲ್ಕು ವಾರಗಳಲ್ಲಿ, ಸಾರ ಕುಡಿಸಿದ ಇಲಿಗಳ ಬಾವು ಕುಡಿಸದವುಗಳಿಗಿಂತ ಇಳಿದರೆ, ಮರುದಿನವೇ ‘ಸಂಧಿವಾತಕ್ಕೆ ಮದ್ದು ಸಿಕ್ಕಿತು’ ಎಂಬ ಸುದ್ದಿ ಅಚ್ಚಾಗುತ್ತದೆ!

ಲೆಕ್ಕ ಹಾಕಿ ನೋಡಿ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟರೆಂದುಕೊಳ್ಳೋಣ. ಮನುಷ್ಯನಿಗೆ ಹೊಂದಿಸಲು ಅದನ್ನು 6.2ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ಸುಮಾರು ಎರಡು ಗ್ರಾಂ ಸಾರ ಬೇಕು. 100 ಗ್ರಾಂ ಒಣಸೊಪ್ಪಿಗೆ 10 ಗ್ರಾಂ ಸಾರ ಬಂದರೂ ದಿನಕ್ಕೆ ಹತ್ತೊಂಬತ್ತು ಗ್ರಾಂ ಸೊಪ್ಪು, ಅದೂ ವರ್ಷಗಟ್ಟಲೆ. ಸೊಪ್ಪಾದರೆ ಮತ್ತೆ ಚಿಗುರುತ್ತದೆ. ಬೇರಾದರೆ ಗಿಡವೇ ಹೋಗುತ್ತದೆ. ಆದ್ದರಿಂದ ಬೇರಿನ ಗುಣ ಎಲೆಯಲ್ಲಿಯೂ ಇದೆಯೇ ಎಂಬುದನ್ನು ಪರೀಕ್ಷೆಯ ಮೊದಲ ದಿನವೇ ಕೇಳಬೇಕು. ಕಾಡು ಬರಿದಾದ ಮೇಲೆ ಕೇಳಿ ಫಲವಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು ವಿರಳ. ಕೊಯಮತ್ತೂರಿನಲ್ಲಿ 43 ರೋಗಿಗಳಿಗೆ 36 ವಾರ ಮೆಥೋಟ್ರೆಕ್ಸೇಟ್, ಆಯುರ್ವೇದ ಅಥವಾ ಎರಡನ್ನೂ ಕೊಟ್ಟು ಹೋಲಿಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮೂರು ಗುಂಪುಗಳಲ್ಲಿಯೂ ಸುಧಾರಣೆ ಹೆಚ್ಚುಕಡಿಮೆ ಸಮನಾಗಿತ್ತು. ಅಲ್ಲಿ ಬಳಸಿದ್ದು ಒಂಟಿ ಸಾರವಲ್ಲ, ರೋಗಿಗೆ ತಕ್ಕಂತೆ ಆರಿಸಿದ ಹಲವು ಔಷಧಗಳು. 43 ಜನ ಎಂಬುದು ಸಣ್ಣ ಸಂಖ್ಯೆ. ಅದನ್ನು ನಂಬಿ ಮೆಥೋಟ್ರೆಕ್ಸೇಟ್ ಬಿಟ್ಟರೆ ಸವೆದ ಕೀಲು ಮರಳಿ ಬಾರದು. ಕಷಾಯ ಕುಡಿಯುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಯಕೃತ್ತಿಗೆ ಎರಡೂ ಹೊರೆಯಾಗಬಹುದು.

ಇನ್ನು ಹೆಸರಿನ ಗೊಂದಲ. ಆಮವಾತದ ಯೋಗಗಳಲ್ಲಿ ಬರುವ ರಾಸ್ನಾ ಎಂದರೆ ದಕ್ಷಿಣದಲ್ಲಿ ಶುಂಠಿಯ ಕುಲದ ದುಂಪರಾಸ್ಮೆ, ಉತ್ತರದಲ್ಲಿ ಸೇವಂತಿಗೆಯ ಕುಲದ ಒಂದು ಪೊದೆ, ಬಂಗಾಳದಲ್ಲಿ ಮರದ ಮೇಲಿನ ಆರ್ಕಿಡ್. 2021ರಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಹಾನಿ ವರದಿಯಾದಾಗಲೂ, ಅದು ಅದೇ ಕುಲದ ಬೇರೊಂದು ಬಳ್ಳಿಯಿರಬಹುದೆಂದು ಆಯುಷ್ ಸಚಿವಾಲಯ ವಾದಿಸಿತು. ಕುಡಿದ ಬಳ್ಳಿಯ ಒಂದು ತುಂಡನ್ನು ಹೂವಿನೊಡನೆ ಒಣಗಿಸಿ, ಊರು, ದಿನಾಂಕ ಬರೆದು ಕಾಗದಕ್ಕೆ ಅಂಟಿಸಿಟ್ಟಿದ್ದರೆ ವಾದಕ್ಕೆ ಎಡೆಯಿರುತ್ತಿರಲಿಲ್ಲ. ಕಾರ್ಕಳದ ಶಾಲಾ ಮಕ್ಕಳೂ ಮಾಡಬಹುದಾದ ಕೆಲಸವದು. ಹಳೆಯ ದಿನಪತ್ರಿಕೆಯೊಂದು, ಮೇಲೆ ಹೇರಲು ನಾಲ್ಕು ದಪ್ಪ ಪುಸ್ತಕಗಳಿದ್ದರೆ ಸಾಕು.