‘ನೀವು ಸುಮ್ನೆ ಕೂತ್ಕೊಳ್ಳಿ’ ಅನ್ನೋ ಮುನ್ನ: ಮರೆಗುಳಿತನ ಮತ್ತು ಆಕ್ಯುಪೇಷನಲ್ ಥೆರಪಿ

ಮನೆಯ ಹಿರಿಯರಿಗೆ ಡಿಮೆನ್ಷಿಯಾ, ಅಂದ್ರೆ ಮರೆಗುಳಿತನದ ಕಾಯಿಲೆ ಇದೆ ಅಂತ ಗೊತ್ತಾದ ಕೂಡಲೇ ನಾವು ಏನು ಹೇಳ್ತೀವಿ? ‘ಅಮ್ಮಾ, ನೀವು ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೀವಿ.’ ಪ್ರೀತಿಯಿಂದಲೇ ಹೇಳೋದು. ಆದರೆ ಹಾಗೆ ಕೂರಿಸಿಬಿಟ್ರೆ, ಅವರ ಕೈಯಲ್ಲಿ ಉಳಿದಿರೋ ಕೆಲಸವೂ ಬೇಗ ಜಾರಿಹೋಗಬಹುದು.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದ್ರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅನ್ನೋದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅಲ್ಝೈಮರ್ಸ್‌ನಂಥ ಬಗೆಗಳನ್ನು ಗುಣಪಡಿಸೋ ಔಷಧ ಇನ್ನೂ ಇಲ್ಲ. ಹಾಗಿದ್ದರೂ ಮಾಡೋದಕ್ಕೆ ಬಹಳ ಇದೆ. ಆಕ್ಯುಪೇಷನಲ್ ಥೆರಪಿಸ್ಟ್ ಮೊದಲು ನೋಡೋದು ಇದನ್ನ: ಇವರು ಇನ್ನೂ ಏನೇನು ಮಾಡಬಲ್ಲರು, ಎಲ್ಲಿ ತಡವರಿಸ್ತಾರೆ?

ಬೆಳಗ್ಗೆ ತಿಂದ ತಿಂಡಿ ಮರೆತವರಿಗೂ ಕೈಗೆ ರೂಢಿಯಾದ ಕೆಲಸ ಬಹಳ ಕಾಲ ಉಳಿದಿರುತ್ತೆ. ನಮ್ಮ ಸರ್ವಜ್ಞನಗರದ ಬಾಣಸವಾಡಿ, ಲಿಂಗರಾಜಪುರದ ಕಡೆ ಎನ್‌ಜಿಇಎಫ್, ಐಟಿಐ ಥರದ ಕಾರ್ಖಾನೆಗಳಲ್ಲಿ ದುಡಿದವರಿದ್ದಾರೆ. ಅಂಥ ತಾತನ ಮುಂದೆ ನಟ್ಟು ಬೋಲ್ಟು ಇಟ್ಟು, ‘ಅಳತೆ ನೋಡಿ ಜೋಡಿಸಿಕೊಡಿ’ ಅನ್ನಿ. ಅಜ್ಜಿಗೆ ಅವರೆಕಾಯಿ ಸುಲಿಯೋದು, ಸೊಪ್ಪು ಬಿಡಿಸೋದು, ಹೂ ಕಟ್ಟೋದು. ತಮಿಳೋ ಉರ್ದುವೋ ಆಡಿ ಬೆಳೆದವರಾದ್ರೆ ಅದೇ ಭಾಷೆಯಲ್ಲಿ ಹೇಳಿ. ಆಮೇಲೆ ಕಲಿತ ಭಾಷೆ ಮೊದಲು ಮಾಸಬಹುದು.

ಇನ್ನೊಂದು ಉಪಾಯ, ಕೆಲಸವನ್ನು ಬಿಡಿಸಿ ಹೇಳೋದು. ‘ಸ್ನಾನ ಮಾಡಿ ಬನ್ನಿ’ ಅನ್ನೋದು ನಮಗೆ ಒಂದು ಮಾತು, ಅವರಿಗೆ ಹತ್ತು ಕೆಲಸ. ‘ಟವೆಲ್ ತಗೊಳ್ಳಿ.’ ಅದಾದ ಮೇಲೆ ಮುಂದಿನದು. ಬಚ್ಚಲ ಬಾಗಿಲಿಗೆ ಒಂದು ಚಿತ್ರ, ಗೋಡೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ; ಜಾರೋ ಕಾಲೊರಸು ಬೇಡ. ಗ್ಯಾಸ್, ಚಾಕು ಇರೋ ಕಡೆ ಒಬ್ಬರನ್ನೇ ಬಿಡಬೇಡಿ.

ಇದಕ್ಕೆ ಪುರಾವೆಯೂ ಇದೆ. ನೆದರ್ಲೆಂಡ್ಸ್‌ನಲ್ಲಿ 135 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಐದು ವಾರದಲ್ಲಿ ಹತ್ತು ಸಲ ಮನೆಗೇ ಹೋಗಿ ಥೆರಪಿ ಕೊಟ್ಟಾಗ, ರೋಗಿಗಳ ದಿನನಿತ್ಯದ ಕೆಲಸವೂ ಸುಧಾರಿಸಿತು, ನೋಡಿಕೊಳ್ಳೋರ ನಿಭಾಯಿಸೋ ಶಕ್ತಿಯೂ ಹೆಚ್ಚಿತು.

ನಮಗೆ ಹತ್ತಿರ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಷಿಯಾ ಕೇಂದ್ರವಿದೆ. ನಿಮ್ಹಾನ್ಸ್‌ನಲ್ಲೂ ಹಿರಿಯರಿಗೆ ಚಿಕಿತ್ಸೆ ಸಿಗುತ್ತೆ. ಮಾಹಿತಿ ಬೇಕಾದ್ರೆ ಹಿರಿಯರ ಸಹಾಯವಾಣಿ 14567.

ಒಂದು ಪಾವು ಅವರೆಕಾಳಿಗೆ ಒಂದು ಗಂಟೆ ಹಿಡಿಯಬಹುದು, ಅರ್ಧ ನೆಲಕ್ಕೆ ಬೀಳಬಹುದು. ಬೀಳಲಿ ಬಿಡಿ. ರಾತ್ರಿ ಸಾರಿಗೆ ಅದೇ ಕಾಳು ಹಾಕಿ, ಯಾರು ಸುಲಿದಿದ್ದು ಅಂತ ಎಲ್ಲರ ಮುಂದೆ ಹೇಳಿ.