ಕರಗಿದ್ದು ಕೊಬ್ಬೋ, ನೀರೋ?



‘ಅನ್ನ ಬಿಡಿ, ತೂಕ ಇಳಿಸಿ’ ಎಂಬ ಮಾತು ಈಗ ಕಾಲೇಜಿನ ಕ್ಯಾಂಟೀನಿನಿಂದ ಹಿಡಿದು ಮದುವೆಮನೆಯ ಪಂಕ್ತಿಯವರೆಗೆ ಎಲ್ಲೆಡೆ ಕೇಳಿಬರುತ್ತಿದೆ. ಇದರ ಬಿಗಿಯಾದ ರೂಪಕ್ಕೆ ಕೀಟೊ ಆಹಾರ ಕ್ರಮ ಎಂದು ಹೆಸರು. ಅನ್ನ, ಮುದ್ದೆ, ಚಪಾತಿ, ಸಕ್ಕರೆ, ಬಾಳೆಹಣ್ಣು ವರ್ಜ್ಯ. ತುಪ್ಪ, ಪನೀರ್, ಮೊಟ್ಟೆ, ಕೊಬ್ಬರಿ, ಸೊಪ್ಪು ಧಾರಾಳ. ಇಡೀ ದಿನದ ಊಟದಲ್ಲಿ ಶರ್ಕರಪಿಷ್ಟ ಸಾಮಾನ್ಯವಾಗಿ 50 ಗ್ರಾಂ ಮೀರುವಂತಿಲ್ಲ. ಒಂದು ಬಟ್ಟಲು ಅನ್ನದಲ್ಲೇ ಸುಮಾರು 45 ಗ್ರಾಂ ಇರುತ್ತದೆ!

ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಟು ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ಸುಮಾರು ಒಂದು ವರ್ಷದಲ್ಲಿ 20 ಕಿಲೋ ಇಳಿದ. 1863ರಲ್ಲಿ ಆ ಅನುಭವವನ್ನು ಕಿರುಹೊತ್ತಗೆಯಾಗಿ ಪ್ರಕಟಿಸಿದ. ಕೀಟೊ ಕ್ರಮದ ಹುಟ್ಟು ಮಾತ್ರ ಬೇರೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು ಮೂರ್ಛೆರೋಗದ ಚಿಕಿತ್ಸೆಗೆ. ಔಷಧಿಗೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ವೈದ್ಯರ ನಿಗಾದಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ.

ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಒಂದು ದಿನ, “ಮಾಮಾ, ನನ್ನ ಗೆಳತಿ ಐದೇ ದಿನದಲ್ಲಿ ಎರಡು ಕಿಲೋ ಇಳಿದಿದ್ದಾಳೆ. ಕಾಲೇಜ್ ಡೇಗೆ ನಾನೂ ಮಾಡಲಾ?” ಎಂದು ಕೇಳಿದಳು. ವಿಜ್ಞಾನ ಓದಿದವನು ಊಹೆಯ ಮೇಲೆ ಉತ್ತರ ಕೊಡಬಾರದಷ್ಟೆ. ವೈದ್ಯರನ್ನು ಕಂಡು, ರಕ್ತಪರೀಕ್ಷೆ ಮಾಡಿಸಿಕೊಂಡು, 14 ದಿನ ನಾನೇ ಈ ಕ್ರಮ ಪಾಲಿಸಿದೆ. ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಟ್ಟೆ.

ಮೊದಲ ದಿನ 78 ಕಿಲೋ. ಐದು ದಿನ ಕಳೆದಾಗ 75.6. ಮೂರನೆಯ ದಿನ ತಲೆನೋವು, ಸುಸ್ತು. ಉಸಿರಿನಲ್ಲಿ ಉಗುರುಬಣ್ಣದ ವಾಸನೆ. ಆಮೇಲೆ ತೂಕ ಇಳಿಯುವ ವೇಗ ಕುಗ್ಗಿತು. 14 ದಿನ ಮುಗಿದಾಗ 75 ಕಿಲೋ. ಮತ್ತೆ ಎಂದಿನ ಅನ್ನ ಸಾರು, ಮುದ್ದೆ ಶುರು ಮಾಡಿದ ನಾಲ್ಕೇ ದಿನಕ್ಕೆ 77!

ಹಾಗಾದರೆ ಹೋಗಿದ್ದೇನು, ಬಂದಿದ್ದೇನು? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಿಲೋ ದೇಹದ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿ ವ್ಯಯವಾಗಬೇಕು. ದಿನಕ್ಕೆ 2,000 ಬೇಕಾಗುವ ವ್ಯಕ್ತಿ ಐದು ದಿನ ಏನೂ ತಿನ್ನದೆ ಉಪವಾಸವಿದ್ದರೂ ಲೆಕ್ಕ 10,000 ಮಾತ್ರ. ಎಂದರೆ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ಹೊಟ್ಟೆ ತುಂಬ ಪನೀರ್ ತಿಂದು 2.4 ಕಿಲೋ ಕೊಬ್ಬು ಕರಗಿಸುವುದು ಸಾಧ್ಯವೇ ಇಲ್ಲ.

ಗುಟ್ಟು ಇರುವುದು ಗ್ಲೈಕೊಜೆನ್‌ನಲ್ಲಿ. ನಾವು ತಿಂದ ಪಿಷ್ಟದ ಒಂದು ಭಾಗವನ್ನು ದೇಹ ಈ ರೂಪದಲ್ಲಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ಒಟ್ಟು ಸುಮಾರು 500 ಗ್ರಾಂ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಪಿಷ್ಟ ನಿಂತಾಗ ಈ ದಾಸ್ತಾನು ಬಹುಮಟ್ಟಿಗೆ ಖರ್ಚಾಗಿ, ನೀರೂ ಹೊರಹೋಗುತ್ತದೆ. ಎರಡು ಕಿಲೋದ ಲೆಕ್ಕ ಇಲ್ಲಿ ಸಿಕ್ಕಿತು. ಬಳಿಕ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸಿ ಮಿದುಳಿಗೆ ಒದಗಿಸುತ್ತದೆ. ಅವುಗಳಲ್ಲೊಂದಾದ ಅಸಿಟೋನಿನದೇ ಆ ವಾಸನೆ. ನಾಲ್ಕು ದಿನ ಅನ್ನ ಉಂಡಾಗ ದಾಸ್ತಾನು ತುಂಬಿತು, ನೀರು ಮರಳಿತು. ನಿಜವಾಗಿ ಇಳಿದದ್ದು ಒಂದು ಕಿಲೋ, ಅದೂ ಎರಡು ವಾರದಲ್ಲಿ.

ಕ್ಯಾಮೆರಾದ ಹಿಂದೆ ಕೆಲಸ ಮಾಡುವವನಾಗಿ ಇನ್ನೊಂದು ಮಾತು. ಜಾಹೀರಾತಿನ ‘ಮೊದಲು’, ‘ನಂತರ’ ಚಿತ್ರಗಳನ್ನು ಗಮನಿಸಿ. ದೀಪವನ್ನು ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿಸಿ, ಉಸಿರು ಹಿಡಿಸಿದರೆ ಒಂದೇ ಮಧ್ಯಾಹ್ನದಲ್ಲಿ ಎರಡೂ ಚಿತ್ರ ಸಿದ್ಧ. ಚಿತ್ರ ನಿಜವೇ ಆಗಿದ್ದರೂ, ಅದು ಐದನೆಯ ದಿನದ್ದೋ ಹದಿನೆಂಟನೆಯ ದಿನದ್ದೋ ಎಂದು ಕೇಳಬೇಕು.

ಪಿಷ್ಟ ಕಡಿಮೆ ಮಾಡುವುದು ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ವಯಸ್ಕರ ಅಧ್ಯಯನವೊಂದನ್ನು ಪ್ರಕಟಿಸಿದರು. ಪಿಷ್ಟ ಕಡಿಮೆ ತಿಂದವರು ವರ್ಷದಲ್ಲಿ ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ತಿಂದವರು 5.3 ಕಿಲೋ ಇಳಿದಿದ್ದರು. ಗಣನೀಯ ವ್ಯತ್ಯಾಸವೇನೂ ಇಲ್ಲ. ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚಿಸಿ ಎಂಬುದು ಎರಡೂ ಗುಂಪಿಗೆ ಕೊಟ್ಟಿದ್ದ ಸಲಹೆ.

ಆದರೆ ನಿಮ್ಮದು ಬೆಳೆಯುವ ವಯಸ್ಸು. ಎಲುಬು ಗಟ್ಟಿಯಾಗುವ ಕಾಲ. ಈಗ ಊಟ ಕತ್ತರಿಸಿದರೆ ಬೆಳವಣಿಗೆಗೆ ಪೆಟ್ಟು. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ವೈದ್ಯರನ್ನು ಕೇಳದೆ ಹೀಗೆ ಮಾಡುವುದು ಅಪಾಯ.

ಯಾರಾದರೂ ಹೊಸ ಪಥ್ಯ ಹೇಳಿದರೆ ಮೂರು ಪ್ರಶ್ನೆ ಹಾಕಿ: ಇಳಿದದ್ದು ಕೊಬ್ಬೋ, ನೀರೋ? ಒಂದು ವರ್ಷ ಹೀಗೇ ಉಣ್ಣಲು ಸಾಧ್ಯವೇ? ನನ್ನ ವಯಸ್ಸಿಗೆ ಇದು ಸಲ್ಲುವುದೇ? ಉತ್ತರ ಸಿಗುವವರೆಗೆ ತಟ್ಟೆಯಲ್ಲಿ ಅನ್ನದ ಪಕ್ಕ ಸೊಪ್ಪಿನ ಪಲ್ಯ, ಬೇಳೆ ಹೆಚ್ಚಿರಲಿ; ಬೇಕರಿ ತಿಂಡಿ ಕಡಿಮೆಯಾಗಲಿ; ಸಂಜೆ ಒಂದು ಗಂಟೆ ಮೈದಾನದಲ್ಲಿ ಕಳೆಯಲಿ.