ಏರಿ ಕಾದರೆ ಊರು ಕಾದಂತೆ



ಕೆರೆ ತುಂಬಿ ಕೋಡಿ ಬಿತ್ತೆಂದರೆ ನಮಗೆಲ್ಲ ಹಬ್ಬ. ಬಾಗಿನ ಕೊಡೋದಕ್ಕೆ ಊರಿಗೆ ಊರೇ ಹೊರಡುತ್ತೆ. ಆದರೆ ಆ ನೀರನ್ನು ಹೊತ್ತು ನಿಂತ ಏರಿಯ ಹಿಂಬದಿಗೆ ಇಳಿದು ನೋಡುವವರು ಎಷ್ಟು ಮಂದಿ? ಈ ದಿನ ಆ ಮಾತು ಆಡೋಣ.

ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ ಟಕೋವ ಎಂಬ ಊರಿದೆ. ಅಲ್ಲಿ ಒಂದು ಕಾಲೇಜಿನ ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಎಂಬ ಚಿಕ್ಕ ಕಟ್ಟೆ ಇತ್ತು. ಎತ್ತರ ಸುಮಾರು 40 ಅಡಿ. 1899ರಲ್ಲಿ ಕಟ್ಟಿದ ಕಲ್ಲುಕಟ್ಟೆಯ ಮೇಲೆ ಆಮೇಲೆ ಮಣ್ಣು ಹಾಕಿ ಏರಿಸಿದ್ದು. 1957ರವರೆಗೆ ಅದರ ನೀರಿನಿಂದ ವಿದ್ಯುತ್ ತೆಗೆದರು. ಬಳಿಕ ಅದು ವಿಹಾರದ ಕೊಳವಾಗಿ ಉಳಿಯಿತು. ಕೆಲಸ ಬಿಟ್ಟ ಎತ್ತನ್ನು ಕೇಳುವವರು ಕಡಿಮೆ, ನೋಡಿ.

1973ರಲ್ಲೇ ಅದರ ಕಡಿದಾದ ಹಿಂಬದಿಯಲ್ಲಿ 30 ಅಡಿ ಅಗಲದಷ್ಟು ಮಣ್ಣು ಜಾರಿತ್ತು. 1977ರ ನವೆಂಬರ್ 6ರಂದು ರಾತ್ರಿ ಒಂದೂವರೆ ಗಂಟೆಗೆ, ಮಳೆಯಲ್ಲಿ ನೆನೆದ ಆ ಏರಿ ಒಡೆಯಿತು. 39 ಜನ ಸತ್ತರು. ಇಂಥದೇ ಒಂದು ಕಾರಣವೆಂದು ತನಿಖೆಯವರು ಹೇಳಲಾಗಲಿಲ್ಲ. ಹಿಂಬದಿ ಜಾರಿದ್ದು, ಒಳಗೆ ನೀರು ಮಣ್ಣು ಕೊರೆದದ್ದು, ಎರಡೂ ಕೂಡಿರಬೇಕೆಂದರು. ಆ ರಾಜ್ಯ ಕಟ್ಟೆಗಳ ಸುರಕ್ಷತೆಗೆ ಕಾಯಿದೆ ಮಾಡಿದ್ದು ಮರುವರ್ಷ, 1978ರಲ್ಲಿ.

ನಮ್ಮಲ್ಲೂ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಇದೆ. ಅದು 15 ಮೀಟರಿಗಿಂತ ಎತ್ತರದವಕ್ಕೆ; ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ. ಅದಕ್ಕೂ ಗಿಡ್ಡಾದ ಊರ ಕೆರೆ ಅದರೊಳಗೆ ಬರೋದಿಲ್ಲ. ಹಿಂದೆ ನೀರುಗಂಟಿ ಏರಿಯ ಮೇಲೆ ಓಡಾಡಿ ನೋಡುತ್ತಿದ್ದ. ಎಷ್ಟೋ ಊರುಗಳಲ್ಲಿ ಈಗ ಅವನಿಲ್ಲ. ಆ ಕಣ್ಣು ನಮ್ಮದಾಗಬೇಕು.

ಮಳೆಗೆ ಮುಂಚೆ ಒಮ್ಮೆ, ಕೆರೆ ತುಂಬಿದ ಮೇಲೆ ಮತ್ತೆ ಮತ್ತೆ ಏರಿ ಸುತ್ತಿ ಬನ್ನಿ. ಬಿರುಕು, ತಗ್ಗು, ಜಾರಿದ ಮಣ್ಣು, ಹೆಗ್ಗಣದ ಬಿಲ, ಗೆದ್ದಲ ಹುತ್ತ ಇವೆಯೆ ನೋಡಿ. ಏರಿಯ ಮೇಲಿನ ಸಸಿಗಳನ್ನು ಚಿಕ್ಕದಿರುವಾಗಲೇ ಕೀಳಿ. ದೊಡ್ಡ ಮರವನ್ನು ಮಾತ್ರ ಇಂಜಿನಿಯರನ್ನು ಕೇಳದೆ ಮುಟ್ಟಬೇಡಿ. ಬೇರು ಕೊಳೆತರೆ ನೀರಿಗೆ ಅದೇ ದಾರಿ.

ಕೋಡಿಗೆ ಮೀನಿನ ಬಲೆ ಕಟ್ಟಬಾರದು. ಇನ್ನೆರಡು ಅಡಿ ನೀರು ನಿಲ್ಲಲೆಂದು ಮರಳ ಚೀಲ ಪೇರಿಸಲೂಬಾರದು. ಕೋಡಿಯಲ್ಲಿ ಹೋಗದ ನೀರು ಏರಿಯ ಮೇಲೆ ಹರಿದೀತು. ಮಣ್ಣಿನ ಏರಿ ಅದನ್ನು ತಡೆಯದು.

‘ಒಸರು ಎಲ್ಲ ಕೆರೇಲೂ ಇರುತ್ತೆ ಸ್ವಾಮಿ’ ಅನ್ನಬಹುದು. ನಿಜ. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಗುರುತಿಟ್ಟು ಗಮನಿಸುತ್ತಿರಿ. ಕದಡಿದ್ದರೆ ಏರಿಯ ಮಣ್ಣೇ ಹೊರಬರುತ್ತಿದೆ ಎಂದು ತಿಳಿಯಿರಿ. ಆಗ ಹೊರಗಿನಿಂದ ಜೇಡಿ ಮೆತ್ತಿ ಮುಚ್ಚಬೇಡಿ; ನೀರು ಇನ್ನೊಂದು ಕಡೆ ಕೊರೆಯುತ್ತೆ. ತಗ್ಗಿನ ಮನೆಯವರನ್ನು ಮೊದಲು ಎಬ್ಬಿಸಿ. ತೂಬು ತೆಗೆಯಿರಿ. ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಸುದ್ದಿ ಮುಟ್ಟಿಸಿ. ಹತ್ತಿರ ಹೋಗಲು ಅಪಾಯವಿಲ್ಲದಿದ್ದರೆ ಒಸರಿನ ಮೇಲೆ ಮೊದಲು ಮರಳು, ಆಮೇಲೆ ಜಲ್ಲಿ ಹರಡಿ. ನೀರು ಹೋಗಲಿ, ಮಣ್ಣು ನಿಲ್ಲಲಿ.

ನಾಳೆ ಬೆಳಗ್ಗೆ ಹೊಲಕ್ಕೆ ಹೋಗುವಾಗ ಏರಿಯ ಮೇಲಲ್ಲ, ಹಿಂಬದಿಯ ಬುಡದಲ್ಲಿ ನಡೆದು ಹೋಗಿ. ಕಾಲಿಗೆ ತೇವ ತಗಲಿದರೆ ನಿಂತು ನೋಡಿ.